ನಾಯಕಿಗೆ ಬದಲಾಗಿ ಹಾರಬೇಕಿದ್ದವಳು

ನನ್ನ ಬಲಗೈ ಮುರಿದರೆ ಏನಾಗುತ್ತದೆ ಎಂದು ನಾನು ಮೊದಲ ಸಲ ಯೋಚಿಸಿದ್ದು ಒಂದು ಬಂಡೆಯ ಮೇಲೆ, ಇನ್ನೊಬ್ಬಳ ಬಟ್ಟೆ ಹಾಕಿಕೊಂಡು ನಿಂತಿದ್ದಾಗ. ಕಪ್ಪು ಪ್ಯಾಂಟು, ಕಪ್ಪು ಅಂಗಿ, ಮುಂಗೈಗೆ ಸುತ್ತಿದ ಕೆಂಪು ಪಟ್ಟಿ, ಬೆನ್ನಿಗೆ ಕಟ್ಟಿದ ಮರದ ಕತ್ತಿ. ಎಲ್ಲ ಸಿನಿಮಾದ ನಾಯಕಿಯದು. ಅವತ್ತು ಗುರುವಾರ. ಸೋಮವಾರ ನನ್ನ ಬಿ.ಎ. ಕೊನೆಯ ಸೆಮಿಸ್ಟರಿನ ಪರೀಕ್ಷೆ ಶುರು.

ನಮ್ಮದು ಸಾತನೂರಿನ ಹತ್ತಿರದ ಊರು. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಅಪ್ಪ ಮೂರನೇ ಕ್ಲಾಸು, ಅವ್ವನಿಗೆ ಸಹಿ ಮಾತ್ರ ಬರುತ್ತದೆ. ನಾನು ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಡೈರಿಗೆ ಹಾಲು ಕೊಟ್ಟು, ಆಮೇಲೆ ಬಸ್ಸು ಹಿಡಿದು ಕನಕಪುರಕ್ಕೆ ಹೋಗಿ ಕಾಲೇಜು ಓದಿದವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಜಂಬ ಅಂದರೆ ಜಂಬವೇ ಅನ್ನಿ. ಕೊನೆಯ ವರ್ಷ ಶುರುವಾದಾಗ ಅಪ್ಪ ಜಗಲಿಯಲ್ಲಿ ಕೂತು ಒಂದು ಮಾತು ಹೇಳಿದ್ದರು.

"ಒಂದೇ ಕಿತ ಕಣವ್ವ. ಪಾಸಾದ್ರೆ ಬಿ.ಎಡ್‌ಗೆ ಹೋಗು, ನಾನು ಅಡ್ಡ ಬರಕಿಲ್ಲ. ಒಂದು ಸಬ್ಜೆಕ್ಟ್ ಕುಂತ್ಕಂಡ್ರೂ ಆ ಮದ್ದೂರು ಕಡೆ ಗಂಡಿಗೆ ಹೂಂ ಅಂದ್ಬುಡ್ತೀನಿ. ಆಮೇಲೆ ಅಳಬಾರ್ದು."

ಅಪ್ಪ ಕೆಟ್ಟವರಲ್ಲ. ಹೇಳಿದ ಮಾತಿಗೆ ನಿಲ್ಲುವವರು. ಅದೇ ನನಗೆ ಭಯ.

ಇಷ್ಟೆಲ್ಲ ಇದ್ದೂ ಪರೀಕ್ಷೆ ಎದುರಿಗಿಟ್ಟುಕೊಂಡು ಸಿನಿಮಾಕ್ಕೆ ಯಾಕೆ ಹೋದೆ ಎಂದು ನೀವು ಕೇಳಬಹುದು. ಆಸೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತದೆ.

ಹೈಸ್ಕೂಲಿನ ಮೂರು ವರ್ಷ ನಾನು ಕನಕಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದೆ. ಅಲ್ಲಿ ಅಡುಗೆ ಮಾಡುವ ಅಕ್ಕನ ಮೊಬೈಲಿನಲ್ಲಿ ಭಾನುವಾರ ಮಧ್ಯಾಹ್ನ ಫೈಟಿಂಗ್ ಪಿಕ್ಚರ್ ನೋಡುತ್ತಿದ್ದೆವು. ಯಾವ ದೇಶದವೋ, ಯಾವ ಭಾಷೆಯವೋ. ಹಿಂದಿಗೆ ಡಬ್ ಆಗಿರುತ್ತಿದ್ದವು, ಹಿಂದಿ ನಮಗೆ ಅರ್ಧ ತಿಳಿಯುತ್ತಿತ್ತು. ಕಥೆ ತಿಳಿಯದಿದ್ದರೂ ನಷ್ಟವಿರಲಿಲ್ಲ. ಒಬ್ಬಳು ಹೆಂಗಸು, ಒಂದು ಪಾಳು ಶೆಡ್ಡು, ಖಾಲಿ ಡ್ರಮ್ಮುಗಳು, ಹನ್ನೆರಡು ಜನ ಗಂಡಸರು. ಅವರು ಒಬ್ಬೊಬ್ಬರಾಗಿ ಬಂದು ಒದೆ ತಿನ್ನುತ್ತಿದ್ದರು. ಮಿಕ್ಕವರು ಸರದಿ ಕಾಯುತ್ತಾ ಮೈ ಕುಣಿಸುತ್ತಿದ್ದರು. ಅವಳು ಒಂದು ಸಲ ಬೀಳುತ್ತಾಳೆ, ತುಟಿಯ ರಕ್ತವನ್ನು ಹೆಬ್ಬೆರಳಲ್ಲಿ ಒರೆಸಿಕೊಂಡು ಏಳುತ್ತಾಳೆ. ನಾವು ಹುಡುಗಿಯರು ಕರಾಟೆಗಿಂತ ಮೊದಲು ಕಲಿತದ್ದು ಆ ಒರೆಸಿಕೊಳ್ಳುವುದನ್ನೇ. ಅನ್ನದ ಸಾಲಿನಲ್ಲಿ ಯಾರಾದರೂ ತಳ್ಳಿದರೆ ಸಾಕು, ಹೆಬ್ಬೆರಳು ತುಟಿಗೆ ಹೋಗುತ್ತಿತ್ತು. ಆ ನಾಯಕಿಯರಲ್ಲಿ ಒಬ್ಬಳೂ ಎಗರುವ ಮುಂಚೆ ಕೆಳಗೆ ನೋಡುತ್ತಿರಲಿಲ್ಲ.

ಹಾಸ್ಟೆಲ್ಲಿಗೆ ಆತ್ಮರಕ್ಷಣೆಯ ತರಬೇತಿ ಅಂತ ಕರಾಟೆ ಕಲಿಸುವ ಮೇಷ್ಟ್ರೊಬ್ಬರು ಮೂರು ತಿಂಗಳು ಬಂದರು. ಮೂರು ತಿಂಗಳು ಮುಗಿಯಿತು, ಅವರು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಕಾಲೇಜು ಸೇರಿದ ಮೇಲೂ ಅವರ ಕ್ಲಾಸಿಗೆ ಹೋಗಿ ಬ್ರೌನ್ ಬೆಲ್ಟಿನವರೆಗೆ ಬಂದೆ. ಕೊನೆಯ ಸೆಮಿಸ್ಟರ್ ಓದುವ ರಜೆ ಶುರುವಾದಾಗ ಅವರದೇ ಫೋನು. ರಾಮನಗರದ ಹತ್ತಿರ ಒಂದು ಫೈಟಿಂಗ್ ಸಿನಿಮಾ ತೆಗೆಯುತ್ತಿದ್ದಾರೆ, ಥಿಯೇಟರಿಗಲ್ಲ, ಮೊಬೈಲಿನಲ್ಲಿ ನೋಡುವಂಥದ್ದು. ನಾಯಕಿ ಬೆಂಗಳೂರಿನ ಡ್ಯಾನ್ಸರ್, ಒದೆಯಲು ಬರುವುದಿಲ್ಲ. ಅವಳಿಗೆ ಬದಲಿಯಾಗಿ ಒದೆಯುವ ಹುಡುಗಿ ಬೇಕು.

ಅಪ್ಪ ಒಪ್ಪಿದ್ದೇ ಆಶ್ಚರ್ಯ. ಎರಡು ಷರತ್ತು ಹಾಕಿದರು. ಮುಖ ಕಾಣಬಾರದು. ಅತ್ತೆ ಜೊತೆಗೆ ಬರಬೇಕು. ಅತ್ತೆ ಎಂದರೆ ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇರುವವಳು, ಬಾಯಿ ಜೋರು. ದಿನಾ ನಾವಿಬ್ಬರೂ ಬುತ್ತಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ರಾಮನಗರಕ್ಕೆ ಹೋಗುವುದು, ಅಲ್ಲಿಂದ ಸಿನಿಮಾದವರ ವ್ಯಾನು. ಮಾಗಡಿ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ಒಳಗೆ ತಿರುಗಿ, ಯಾರದೋ ಹೊಲದ ಅಂಚಿನ ಬಂಡೆಗಳ ಹತ್ತಿರ ಇಳಿಸುತ್ತಿದ್ದರು.

ಮೊದಲ ಹತ್ತು ದಿನ ಖುಷಿಯಾಗಿಯೇ ಇದ್ದೆ. ಫೈಟರುಗಳು ಇದ್ದದ್ದು ಆರೇ ಜನ. ಅಂಗಿ ಬದಲಿಸಿಕೊಂಡು ಬಂದು ಹನ್ನೆರಡಾಗುತ್ತಿದ್ದರು. ರಕ್ತ ಅಂದರೆ ಸಕ್ಕರೆ ಪಾಕಕ್ಕೆ ಕಲಸಿದ ಕೆಂಪು ಬಣ್ಣ. ಸತ್ತು ಮಲಗಿದವರಿಗೆಲ್ಲ ಇರುವೆ ಮುತ್ತಿಕೊಂಡು ಹೆಣಗಳು ಎದ್ದು ಕುಣಿಯುತ್ತಿದ್ದವು. ಅತ್ತೆ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಾ ಅವರಿಗೆ ಬುದ್ಧಿ ಹೇಳುತ್ತಿದ್ದಳು.

"ಅಲ್ಲ ಕಣ್ರಲಾ, ಒಬ್ಬೊಬ್ನೇ ಯಾಕ್ ಬತ್ತೀರಿ? ಎಲ್ಲಾ ಒಟ್ಗೇ ನುಗ್ಗಿದ್ರೆ ಅವ್ಳೇನ್ ಮಾಡಾಳು?"

"ಅಜ್ಜಿ, ಒಟ್ಗೆ ನುಗ್ಗಿದ್ರೆ ಸಿನಿಮಾ ಐದೇ ನಿಮಿಷಕ್ಕೆ ಮುಗ್ದೋಯ್ತದೆ!"

"ಯಾರ್ಲಾ ಅಜ್ಜಿ? ನಿನ್ನ ಮೂತಿಗೆ..."

ಆ ಆರು ಜನರಲ್ಲಿ ಸಣ್ಣ ಮೈಯವನೊಬ್ಬ ನನ್ನ ಮೇಲೆ ಒಳಗೇ ಕುದಿಯುತ್ತಿದ್ದ. ಇಂಥ ಸಿನಿಮಾಗಳಲ್ಲಿ ನಾಯಕಿಯ ವಿಗ್ಗು ಹಾಕಿಕೊಂಡು ಎಗರುವವನು ಅವನೇ. ಈ ಸಲ ನಿರ್ದೇಶಕರು ಬೇಡ ಅಂದಿದ್ದರು. "ಮೊಬೈಲಲ್ಲಿ ಜನ ನಿಲ್ಸಿ ನಿಲ್ಸಿ ನೋಡ್ತಾರೆ ಕಣಯ್ಯ, ನಿನ್ನ ಗಡ್ಡ ಕಾಣತ್ತೆ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರು.

ಎಗರುವ ದೃಶ್ಯವನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಬಂಡೆಯ ತುದಿಯಿಂದ ಓಡಿಬಂದು, ಕೆಳಗಿನ ಹುಲ್ಲಿನ ಮೆದೆಗೆ ಧುಮುಕುವುದು. ಹದಿನೈದು ಅಡಿ. ಫೈಟ್ ಮಾಸ್ಟರ್ ನನಗೆ ಹಿಂದಿನ ದಿನವೇ ಹೇಳಿಕೊಟ್ಟಿದ್ದರು. ಬೆನ್ನು ಕೊಟ್ಟು ಬೀಳಬೇಕು, ಗಲ್ಲ ಎದೆಗೆ ಒತ್ತಿಕೊಂಡಿರಬೇಕು, ಕೈ ಊರಬಾರದು. "ಕೈ ಊರಬಾರದು, ಕೈ ಊರಬಾರದು" ಎಂದು ಮೂರು ಸಲ. ಮನೆಗೆ ಹೋದ ಮೇಲೆ ನನ್ನ ಕಿವಿಯಲ್ಲಿ ಅದೊಂದೇ ಉಳಿಯಿತು. ಬೀಳುವಾಗ ಯಾರು ತಾನೇ ಕೈ ಊರದೆ ಇರುತ್ತಾರೆ? ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ ಜಾರಿದರೂ ಮೊದಲು ಹೋಗುವುದು ಕೈಯೇ.

ಗುರುವಾರ ನಾವು ಹೋಗಿ ಇಳಿದಾಗ ಹುಲ್ಲು ಆಗಲೇ ಬಂದಿತ್ತು. ಅದನ್ನು ಕೊಂಡಿರಲಿಲ್ಲ, ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದಿದ್ದರು. ಪಕ್ಕದ ಊರಿನ ರೈತರೊಬ್ಬರು ತಮ್ಮ ದನಕ್ಕೆ ಇಟ್ಟುಕೊಂಡಿದ್ದ ರಾಗಿ ಹುಲ್ಲನ್ನು ತಮ್ಮದೇ ಟ್ರ್ಯಾಕ್ಟರಿನಲ್ಲಿ ತಂದು, ಬಂಡೆಯ ಬುಡದಲ್ಲಿ ಎದೆಯೆತ್ತರ ಒಟ್ಟಿ, ಸಾಯಂಕಾಲ ವಾಪಸು ತುಂಬಿಕೊಂಡು ಹೋಗಲು ಟ್ರೇಲರಿನ ನೆರಳಲ್ಲಿ ಕೂತಿದ್ದರು. ಒಟ್ಟಿದ್ದು ಬಲು ಅಚ್ಚುಕಟ್ಟು. ಅತ್ತೆಗೆ ಅಂಥದ್ದನ್ನು ಕಂಡರೆ ಸುಮ್ಮನಿರಲಾಗದು.

"ಚೆನ್ನಾಗ್ ಒಟ್ಟಿದೀಯ ಕಣಪ್ಪ. ನಿನ್ನೆ ಮಳೆ ಉಯ್ದು ನೆಲ ಎಲ್ಲಾ ಥಂಡಿ ಆಗದೆ, ಹುಲ್ಲು ಮುಗ್ಗು ಹಿಡ್ಯಕಿಲ್ವಾ?"

"ಅದೆಂಗ್ ಹಿಡಿದದು ಅಕ್ಕಾ? ಅಡಿಗೆ ರೇಷ್ಮೆ ಕಡ್ಡಿ ಹಾಕಿವ್ನಿ, ಮೂರು ಮಾರು ಉದ್ದಕ್ಕೆ. ಅದ್ರ ಮೇಲೆ ಹುಲ್ಲು. ನಮ್ ದನ ತಿನ್ನೋದಲ್ವಾ, ಹಾಳ್ ಮಾಡಕಾಯ್ತದಾ?"

"ಅಂಗ್ ಮಾಡ್ಬೇಕು ನೋಡು. ಗೇಯೋರ ಕೆಲ್ಸ ಅಂದ್ರೆ ಅದು."

ನಾನು ಪಕ್ಕದಲ್ಲೇ ಕೂತು ಕೈಗೆ ಕೆಂಪು ಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ. ನನಗೂ ಸರಿ ಅನ್ನಿಸಿತು. ನಮ್ಮ ಮನೆಯಲ್ಲೂ ಮೆದೆ ಒಟ್ಟುವಾಗ ಹಾಗೇ ಮಾಡುವುದು. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಅಡಿಗೆ ಹಾಸಿ, ನೆಲದ ತೇವ ತಾಗದ ಹಾಗೆ ಮೇಲೆ ಹುಲ್ಲು. ಮೂರು ತಲೆಮಾರಿನ ಬುದ್ಧಿ ನನ್ನೊಳಗೂ ತಲೆದೂಗಿತು.

ನಾಲ್ಕು ಗಂಟೆಗೆ ಬಂಡೆ ಹತ್ತಿಸಿದರು. ಬಿಸಿಲಿಗೆ ಕಾದ ಕಲ್ಲು ಶೂ ಒಳಗೂ ಸುಡುತ್ತಿತ್ತು. ನಾಯಕಿ ಕೆಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು. ಪಾಪ, ಒಳ್ಳೆಯ ಹುಡುಗಿ. ನಿರ್ದೇಶಕರು ಮೈಕಿನಲ್ಲಿ ಬೆಳಕು ಹೋಗುತ್ತದೆ, ಬೇಗ ಬೇಗ ಎನ್ನುತ್ತಿದ್ದರು. ಮಾಸ್ಟರ್ ಮೆದೆಯ ಹತ್ತಿರ ಹೋಗಿ, ಮೇಲಿನ ಹುಲ್ಲನ್ನು ಎರಡು ಸಲ ಅಂಗೈಯಲ್ಲಿ ಅದುಮಿ, ಸರಿಯಿದೆ ಎಂದು ಕೈ ಎತ್ತಿದರು.

"ರೆಡಿನಾ ಅಮ್ಮ? ಒನ್ ಅಂದ್ರೆ ಓಡು" ಎಂದರು ನಿರ್ದೇಶಕರು.

ನಾನು ಕೆಳಗೆ ನೋಡಿದೆ. ಮೆದೆಯ ಮಗ್ಗುಲಿನಲ್ಲಿ, ಹುಲ್ಲಿನ ಸಂದಿಯಿಂದ, ಒಂದು ಕಡ್ಡಿಯ ತುದಿ ಈಚೆಗೆ ಬಂದಿತ್ತು. ಬಿಳಿ ತುದಿ.

ಆಗ ನೆನಪಾಯಿತು.

ರೇಷ್ಮೆ ಕಡ್ಡಿಯನ್ನು ನೆಟ್ಟಗೆ ಕೊಯ್ಯುವುದಿಲ್ಲ. ಕುಡುಗೋಲು ಓರೆಯಾಗಿ ಬರುತ್ತದೆ, ಹೆಬ್ಬೆರಳು ದಪ್ಪದ ಕಡ್ಡಿ ಓರೆಯಾಗಿ ಸೀಳುತ್ತದೆ. ಒಣಗಿದ ಮೇಲೆ ಆ ತುದಿ ಹೇಗಿರುತ್ತದೆ ಎಂಬುದು ನನ್ನ ಎಡಗಾಲಿಗೆ ಗೊತ್ತು. ಒಂಬತ್ತನೇ ವಯಸ್ಸಿನಲ್ಲಿ ಪಾದದ ಒಂದು ಕಡೆ ಹೊಕ್ಕು ಅರ್ಧ ಬೆರಳು ಒಳಗೆ ಹೋಗಿತ್ತು. ಬರೀ ನಡೆಯುವಾಗ. ಇಲ್ಲಿ ಹದಿನೈದು ಅಡಿ ಮೇಲಿಂದ, ಬೆನ್ನು ಕೊಟ್ಟು. ಅಂಥ ಕಡ್ಡಿ ಮೂರು ಮಾರು ಉದ್ದಕ್ಕೆ, ಮೇಲೆ ಸಡಿಲ ಹುಲ್ಲು.

"ಒನ್!"

ಕಾಲು ಬರಲಿಲ್ಲ.

"ಒನ್ ಅಂದೆನಮ್ಮ! ರೋಲಿಂಗಲ್ಲಿದೆ!"

ಹೇಳಬೇಕು ಅಂದುಕೊಂಡರೆ ಸ್ವರ ಬರಲಿಲ್ಲ. ಇದ್ದಲ್ಲೇ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತೆ. ಕೆಳಗೆ ನಗು ಎದ್ದಿತು. ಸಣ್ಣ ಮೈಯವನು ಎಲ್ಲರಿಗೂ ಕೇಳುವ ಹಾಗೆ ಕೂಗಿದ.

"ಅಕ್ಕಾ, ವಿಗ್ಗು ನಂಗೇ ಕೊಡಿ ಬುಡಿ! ಗಡ್ಡ ಬೋಳಿಸ್ಕಂಡ್ ಬತ್ತೀನಿ!"

"ಕೆಳಗೆ ರೇಷ್ಮೆ ಕಡ್ಡಿ ಐತೆ ಸಾರ್" ಎಂದೆ. ಎರಡನೇ ಸಲಕ್ಕೆ ಕೇಳಿಸಿತು.

ನಿರ್ದೇಶಕರು ಮೈಕನ್ನು ತೊಡೆಗೆ ಬಡಿದರು. "ಹೆದರಿಕೆ ಆದ್ರೆ ಹೆದರಿಕೆ ಅನ್ನು. ಹುಲ್ಲಿನ ಮೇಲೆ ಬೀಳೋಕೆ ಕಡ್ಡಿ ಗಿಡ್ಡಿ ಅಂತ ಕಥೆ ಹೇಳ್ಬೇಡ."

ಅವರಿಗೆ ತಿಳಿಯುವುದಾದರೂ ಹೇಗೆ? ಬೆಂಗಳೂರಿನವರು. ಆದರೆ ಕಲ್ಲಿನ ಮೇಲೆ ಕೂತಿದ್ದ ಅತ್ತೆಗೆ ತಿಳಿಯಿತು. ಅವಳ ಬಾಯಿ ಮೆಲ್ಲುವುದನ್ನು ನಿಲ್ಲಿಸಿದ್ದು ನನಗೆ ಮೇಲಿಂದಲೇ ಕಂಡಿತು. ಬಾಯಲ್ಲಿದ್ದುದನ್ನು ಉಗಿದು, ಸೀರೆ ಎತ್ತಿಕಟ್ಟಿಕೊಂಡು ಮೆದೆಯ ಹತ್ತಿರ ಓಡಿದಳು. ತೋಳನ್ನು ಹೆಗಲವರೆಗೂ ಹುಲ್ಲೊಳಗೆ ತೂರಿಸಿ ಒಂದು ಕಡ್ಡಿ ಹಿರಿದಳು. ಇನ್ನೊಂದು. ಮತ್ತೊಂದು. ಹಿರಿದು ಹಿರಿದು ನಿರ್ದೇಶಕರ ಕಾಲ ಬಳಿ ಎಸೆದಳು.

"ನೋಡ್ಕಳಿ ಸ್ವಾಮಿ! ಕಣ್ ಬುಟ್ಕಂಡು ನೋಡ್ಕಳಿ! ನಮ್ ಕೂಸು ಇದ್ರ ಮ್ಯಾಲೆ ಬೀಳ್ಬೇಕಾ?"

ಟ್ರ್ಯಾಕ್ಟರಿನವರು ಓಡಿಬಂದರು. "ಅಕ್ಕಾ, ಹುಲ್ ಕೆದ್ರಬ್ಯಾಡ, ಎಲ್ಲಾ ಮಣ್ಣಾಯ್ತದೆ!"

"ನಿನ್ ಹುಲ್ಲಿಗೆ ಬೆಂಕಿ ಬೀಳಾ! ಹುಡ್ಗಿ ಬೆನ್ನಿಗೆ ಹೊಕ್ಕಿದ್ರೆ?"

"ಅವ್ಳು ಅದ್ರ ಮ್ಯಾಲೆ ಬೀಳ್ತಾಳೆ ಅಂತ ನಂಗ್ಯಾರ್ ಯೋಳಿದ್ರು?" ಅವರ ಮುಖ ಬಿಳಿಚಿಕೊಂಡಿತ್ತು. "ಹುಲ್ ತಂದ್ ಒಟ್ಟು ಅಂದ್ರು. ಒಟ್ದೆ. ಸಿನಿಮಾದಲ್ಲಿ ಸುಮ್ನೆ ತೋರ್ಸಕ್ಕೆ ಅಂದ್ಕಂಡೆ."

ನಿಜ. ಯಾರೂ ಅವರಿಗೆ ಹೇಳಿರಲಿಲ್ಲ. ಅವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಸರಿ ಎಂದು ಒಪ್ಪಿದವರು ನಾನು ಮತ್ತು ಅತ್ತೆ.

ಮಾಸ್ಟರ್ ಒಂದು ಕಡ್ಡಿ ಎತ್ತಿಕೊಂಡು ತುದಿಯನ್ನು ಅಂಗೈಗೆ ಒತ್ತಿ ನೋಡಿದರು. ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಎದ್ದು, ಫೈಟರುಗಳನ್ನು ಕರೆದು ಹುಲ್ಲನ್ನೆಲ್ಲ ಸರಿಸಿ, ಕಡ್ಡಿ ತೆಗೆಸಿ, ಮತ್ತೆ ಹುಲ್ಲು ಹಾಕಿಸಿದರು. ಸಣ್ಣ ಮೈಯವನೇ ಎಲ್ಲರಿಗಿಂತ ಹೆಚ್ಚು ಕಡ್ಡಿ ಹೊತ್ತ. ನನ್ನ ಕಡೆ ನೋಡಲಿಲ್ಲ. ಕಡ್ಡಿ ಹೋದ ಮೇಲೆ ಮೆದೆ ಸೊಂಟದೆತ್ತರಕ್ಕೆ ಇಳಿದಿತ್ತು.

"ಈಗ ಎಗರಮ್ಮ" ಎಂದರು ನಿರ್ದೇಶಕರು, ಈ ಸಲ ಮೆಲ್ಲಗೆ. "ಕಡ್ಡಿ ತೆಗೆದಾಯ್ತಲ್ಲ."

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಕಡ್ಡಿ ಇಲ್ಲದಿದ್ದರೂ ನಾನು ಎಗರುತ್ತಿರಲಿಲ್ಲವೇನೋ. ಬೆಳಿಗ್ಗೆ ಬಸ್ಸಿನಲ್ಲೇ, ನಡುವೆ ಇಳಿದು ಮನೆಗೆ ಹೋಗಿಬಿಡೋಣ ಅನ್ನಿಸಿತ್ತು. ಕಡ್ಡಿ ಕಂಡಾಗ ಜೀವ ಝಲ್ಲೆಂದಿತು ನಿಜ. ಅದರ ಹಿಂದೆಯೇ, ಸದ್ಯ ಒಂದು ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನವೂ ಬಂದಿತ್ತು. ಈಗ ಆ ಕಾರಣವನ್ನು ಅವರು ಹೊತ್ತು ಅತ್ತ ಹಾಕಿದ್ದರು. ಬಂಡೆಯ ಮೇಲೆ ನಾನು, ನನ್ನ ಬಲಗೈ, ಮಿಕ್ಕಿದ್ದು ಬರೀ ಭಯ. ಇಪ್ಪತ್ತು ಜನ ಮೇಲೆ ನೋಡುತ್ತಿದ್ದರು.

"ಇಲ್ಲ ಸಾರ್" ಎಂದೆ. "ನಂಗೆ ಈಗಲೂ ಭಯ ಐತೆ. ಸೋಮವಾರ ಪರೀಕ್ಷೆ ಐತೆ."

ಯಾರೋ ಕಿಸಕ್ಕನೆ ನಕ್ಕರು. ಪರೀಕ್ಷೆ ಎಂಬ ಮಾತು ಆ ಕಪ್ಪು ಬಟ್ಟೆ, ಕತ್ತಿಗಳ ನಡುವೆ ಅಷ್ಟು ಚಿಕ್ಕದಾಗಿ ಕೇಳಿಸಿತು. ಮಾಸ್ಟರ್ ನಗಲಿಲ್ಲ. ಬಂಡೆ ಹತ್ತಿ ನನ್ನ ಪಕ್ಕ ಬಂದು ನಿಂತರು. ಏದುಸಿರು ಬಿಡುತ್ತಿದ್ದರು.

"ಯಾವ ಕೈಯಲ್ಲಿ ಬರೀತೀಯ?"

"ಬಲಗೈ."

"ಇಲ್ಲಿಂದ ನೋಡಿದ್ರೆ ನೀನು ಬಲಕ್ಕೇ ವಾಲಿದೀಯ. ಬಿದ್ದಿದ್ರೆ ಅದನ್ನೇ ಊರ್ತಿದ್ದೆ." ಅಷ್ಟು ಹೇಳಿ ಕೆಳಗೆ ಕೂಗಿದರು. "ಸಾರ್, ಎರಡು ಪೀಸ್ ಮಾಡಿ ತೆಗೀರಿ! ಇಲ್ಲಿ ಟೇಕಾಫ್, ಅಲ್ಲಿ ಲ್ಯಾಂಡಿಂಗ್!"

"ಅರ್ಧ ಗಂಟೆ ಜಾಸ್ತಿ ಆಗತ್ತೆ ಮಾಸ್ಟರ್, ಲೈಟ್..."

"ಆಗ್ಲಿ ಸಾರ್."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಬಂಡೆಯ ಮೇಲಿಂದ ಓಡಿಬಂದು, ಮೂರಡಿ ಕೆಳಗಿದ್ದ ಒಂದು ಮೆಟ್ಟಿಲಿನಂಥ ಕಲ್ಲಿಗೆ ಹಾರುವುದು, ಅಲ್ಲಿ ಸ್ಪಂಜಿನ ಹಾಸಿಗೆ. ಅದು ಒಂದು ತುಂಡು. ಟ್ರೇಲರಿನ ಮೇಲಿಂದ ಹುಲ್ಲಿಗೆ ಬೀಳುವುದು ಇನ್ನೊಂದು ತುಂಡು. ಎರಡನ್ನೂ ಅಂಟಿಸಿದರೆ ಹದಿನೈದು ಅಡಿ. ಆಮೇಲೆ ಸಿನಿಮಾದಲ್ಲಿ ನೋಡಿದ್ದೇನೆ, ನಡುವೆ ಒಂದು ಹದ್ದು ಹಾರಿಸಿದ್ದಾರೆ, ಜೋಡಣೆ ಗೊತ್ತೇ ಆಗುವುದಿಲ್ಲ.

ಅರ್ಧ ಗಂಟೆ! ಅಷ್ಟು ಉಳಿಸಲು ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ಅವರಲ್ಲಿ ಯಾರೂ ದುಷ್ಟರಲ್ಲ. ಯಾರಿಗೂ ನನ್ನ ಬೆನ್ನು ಸೀಳಬೇಕೆಂದಿರಲಿಲ್ಲ. ಕೇಳಿದರೆ ಹುಡುಗಿ ಎಗರುತ್ತಾಳೆ ಎಂದುಕೊಂಡಿದ್ದರು, ಅಷ್ಟೇ. ಕಡ್ಡಿಗಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು. ಆ ಮೂರಡಿ ಹಾರುವುದನ್ನೇ ನಾಲ್ಕು ಸಲ ತೆಗೆಯಬೇಕಾಯಿತು.

ವಾಪಸು ಬಸ್ಸಿನಲ್ಲಿ ಅತ್ತೆ ಕನಕಪುರದವರೆಗೂ ಎಲೆಯಡಿಕೆ ಚೀಲ ಬಿಚ್ಚಲಿಲ್ಲ. ಅವಳ ತೋಳಿನ ತುಂಬ ಗೀರು, ಒಂದೆರಡು ಕಡೆ ರಕ್ತ ಕರೆಗಟ್ಟಿತ್ತು. ಸಾತನೂರಿನ ಬಸ್ಸು ಹತ್ತಿದ ಮೇಲೆ ನನ್ನ ಬಲಗೈ ಹಿಡಿದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ನಾನೇ ಚೆನ್ನಾಗ್ ಒಟ್ಟಿದೀಯ ಅಂದ್ನಲ್ಲ" ಎಂದಳು. ಆಮೇಲೆ, "ನಿಮ್ಮಪ್ಪಂಗೆ ಯೋಳಕಿಲ್ಲ. ನೀನೂ ಯೋಳ್ಬ್ಯಾಡ."

ಶುಕ್ರವಾರ, ಶನಿವಾರ, ಭಾನುವಾರ ನಾನು ಓದಿದ್ದು ಕಡಿಮೆ. ಕೈಯನ್ನು ಕಾದದ್ದೇ ಹೆಚ್ಚು. ಹಾಲಿನ ಕ್ಯಾನು ಎಡಗೈಯಲ್ಲಿ ಎತ್ತಿದೆ. ಸೊಪ್ಪು ಕೊಯ್ಯಲು ಹೋಗಲಿಲ್ಲ. ಹುಳು ಮನೆಯ ಬಾಗಿಲಲ್ಲಿ ಅವ್ವ ತಂದು ಸುರಿದ ಕಡ್ಡಿಯ ರಾಶಿ ಇತ್ತು, ಯಾವಾಗಲೂ ಇರುವಂಥದ್ದೇ. ಅದರ ಹತ್ತಿರ ಹೋಗದೆ ಹಿತ್ತಲಿನಿಂದ ಸುತ್ತಿ ಬರುತ್ತಿದ್ದೆ. ಅವ್ವ ಗಮನಿಸಿದರು.

"ಕೈಗೇನಾಗದೆ?"

"ಏನಿಲ್ಲ ಬುಡವ್ವ."

"ಮತ್ಯಾಕೆ ಕೋಳಿ ಮರಿ ಇಟ್ಕಂಡಂಗೆ ಇಟ್ಕಂಡಿದೀಯ?"

ಸೋಮವಾರ ಕನಕಪುರದ ಬಸ್ಸಿನಲ್ಲಿ ಸೀಟಿರಲಿಲ್ಲ. ಎಡಗೈಯಲ್ಲಿ ಕಂಬಿ ಹಿಡಿದು ನಿಂತೆ. ಡ್ರೈವರು ಬ್ರೇಕು ಒತ್ತಿದಾಗಲೆಲ್ಲ ಬಲಗೈಯನ್ನು ಎದೆಗೆ ಅವುಚಿಕೊಂಡೆ. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟರು. ನನಗೆ ಉತ್ತರ ಬರುವ ಪ್ರಶ್ನೆಗಳೇ. ಆದರೆ ಪೆನ್ನು ಹಿಡಿದ ಬೆರಳು ಅಲುಗಲಿಲ್ಲ. ನೋಂದಣಿ ಸಂಖ್ಯೆ ಬರೆಯಬೇಕಾದ ಚೌಕಗಳು ಕಣ್ಣ ಮುಂದೆ ಕೆಳಗೆ ಕೆಳಗೆ ಹೋದವು, ಮೇಲಿಂದ ನೋಡಿದ ಹಾಗೆ. ಬೆವರು ಹಾಳೆಯ ಮೇಲೆ ಬಿತ್ತು. ಅಪ್ಪನ ಮಾತು, ಮದ್ದೂರಿನ ಗಂಡು ತಲೆಯಲ್ಲಿ ಸುತ್ತುತ್ತಿದ್ದರೆ, ಓದಿದ್ದು ಆರು ಸೆಮಿಸ್ಟರೋ ಏಳೋ ಎಂದು ಎಣಿಸಲೂ ಆಗದೆ ಕೂತೆ. ಪಕ್ಕದವಳು ಆಗಲೇ ಪುಟ ತಿರುವಿದಳು. ಆ ಸದ್ದಿಗೆ ನನಗೆ ಸಿಟ್ಟು ಬಂದಿತು. ಕೈ ಇದೆಯಲ್ಲ, ಮುರಿದಿಲ್ಲವಲ್ಲ, ಇನ್ನೇನು ಬೇಕು ಎಂದು ನನಗೆ ನಾನೇ ಬೈದುಕೊಂಡು ಒಂದೊಂದೇ ಅಂಕಿ ಕೂರಿಸಿದೆ. ಮೊದಲ ಸಾಲು ಚಿಕ್ಕ ಮಕ್ಕಳ ಬರಹದಂತೆ ಬಂತು. ಎರಡನೆಯದು ಪರವಾಗಿಲ್ಲ.

ಆ ಪೇಪರಿನಲ್ಲಿ ನನಗೆ ಬಂದಷ್ಟು ಅಂಕ ತರಗತಿಯಲ್ಲಿ ಯಾರಿಗೂ ಬರಲಿಲ್ಲ. ಅದು ತಿಳಿದದ್ದು ತಿಂಗಳುಗಳ ನಂತರ. ಅವತ್ತು ಗೊತ್ತಿದ್ದದ್ದು ಇಷ್ಟೇ: ನಿಲ್ಲಿಸಿದರೆ ಭಯ ವಾಪಸು ಬರುತ್ತದೆ. ಅದಕ್ಕೇ ನಿಲ್ಲಿಸಲಿಲ್ಲ. ಮೂರನೇ ಸಲ ಹೆಚ್ಚುವರಿ ಹಾಳೆ ಕೇಳಿದಾಗ ಮೇಲ್ವಿಚಾರಣೆಯ ಮೇಡಂ ದಾರ ಮತ್ತು ಹಾಳೆ ಹಿಡಿದು ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಎಷ್ಟು ಬರೀತೀಯಮ್ಮ? ಕೈ ನೋಯಲ್ವಾ?"

"ನೋಯ್ತೈತೆ ಮೇಡಂ" ಎಂದು ಹಾಳೆ ಇಸಿದುಕೊಂಡೆ.